ಅದು ಸೋಮಾರಿತನವಲ್ಲ

ಭದ್ರಾವತಿಯ ಸಹೋದರಿಗೆ,

ಮೈತುಂಬ ಸುಸ್ತು, ಸೆಕೆಯಲ್ಲೂ ಚಳಿ, ಊಟ ಹೆಚ್ಚದೆ ಏರುವ ತೂಕ, ಮಲಬದ್ಧತೆ, ಒಣಚರ್ಮ, ಅತಿಯಾದ ಮುಟ್ಟು. ಇದನ್ನೆಲ್ಲ ಮನೆಯವರು ಸೋಮಾರಿತನ ಎಂದಿದ್ದನ್ನು ನಿಮ್ಮ ಪತ್ರದಲ್ಲಿ ಓದಿ ನೋವಾಯಿತು. ಕುತ್ತಿಗೆಯ ಮುಂಭಾಗದ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ಸ್ರವಿಸದಿದ್ದರೆ ಇಡೀ ದೇಹದ ಕೆಲಸ ನಿಧಾನವಾಗುತ್ತದೆ, ಇಂಥ ಲಕ್ಷಣಗಳು ಕಾಣಿಸುತ್ತವೆ. ಆದರೆ ರಕ್ತಹೀನತೆಯಲ್ಲೂ ಇಂಥದೇ ಸುಸ್ತು ಇರುತ್ತದೆ, ಹಾಗಾಗಿ ಊಹೆಯ ಮೇಲೆ ಮಾತ್ರೆ ಬೇಡ. ಟಿಎಸ್‌ಎಚ್, ಫ್ರೀ ಟಿ4, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ವೈದ್ಯಕೀಯ ವಿಭಾಗದಲ್ಲಿ ತೋರಿಸಬಹುದು.

ಥೈರಾಯ್ಡ್ ಮಾತ್ರೆ ಬರೆದುಕೊಟ್ಟರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ. ಕಾಫಿ, ತಿಂಡಿ ಕನಿಷ್ಠ ಅರ್ಧ ಗಂಟೆಯ ನಂತರ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆಯ ಅಂತರವಿರಲಿ. 6ರಿಂದ 8 ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡಿಸಿ. ಗರ್ಭಿಣಿಯಾಗುವ ಆಲೋಚನೆಯಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ದಯವಿಟ್ಟು ಈ ವಾರವೇ ಹೋಗಿಬನ್ನಿ.