ಮೈಯಲ್ಲಿ ಕಾವಲಿಲ್ಲದೆ ಹುಟ್ಟುವ ಮಕ್ಕಳು



ಕೂಸಿಗೆ ಮತ್ತೆ ಮತ್ತೆ ನ್ಯುಮೋನಿಯಾ, ನಿಲ್ಲದ ಭೇದಿ, ಎಷ್ಟು ಹಾಲುಣಿಸಿದರೂ ಏರದ ತೂಕ. ಇಂಥ ಕೂಸು ತೀರಿಕೊಂಡರೆ ದೃಷ್ಟಿ ತಾಗಿತು ಅಂತಾರೆ, ಇಲ್ಲವೇ ತಾಯಿಯನ್ನೇ ದೂರುತ್ತಾರೆ. ಕೆಲವು ಮಕ್ಕಳಲ್ಲಿ ಕಾರಣ ಬೇರೆಯೇ ಇರುತ್ತದೆ. ರೋಗಾಣುಗಳೊಡನೆ ಹೋರಾಡಬೇಕಾದ ಬಿಳಿ ರಕ್ತಕಣಗಳು ಹುಟ್ಟಿನಿಂದಲೇ ಇರುವುದಿಲ್ಲ, ಇದ್ದರೂ ಕೆಲಸ ಮಾಡುವುದಿಲ್ಲ. ವೈದ್ಯರು ಇದಕ್ಕೆ 'ಸ್ಕಿಡ್' ಎನ್ನುತ್ತಾರೆ. ಅಪರೂಪದ ಕಾಯಿಲೆ. ಆದರೆ ಚಿಕಿತ್ಸೆ ಸಿಗದಿದ್ದರೆ ಮಗು ಎರಡು ವರ್ಷ ದಾಟುವುದು ಕಷ್ಟ.

1971ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಡೇವಿಡ್ ಎಂಬ ಹುಡುಗನನ್ನು ರೋಗಾಣು ತಾಗದಂತೆ ಪ್ಲಾಸ್ಟಿಕ್ ಗೂಡಿನಲ್ಲೇ ಬೆಳೆಸಿದರು. 12 ವರ್ಷ ಬದುಕಿದ. ಅಮ್ಮ ಅವನನ್ನು ಬರಿಗೈಯಲ್ಲಿ ಮುಟ್ಟಿದ್ದು ಕೊನೆಯ ದಿನಗಳಲ್ಲಿ ಮಾತ್ರ.

ಹೊಂದುವ ದಾನಿಯ ಅಸ್ಥಿಮಜ್ಜೆ ಕೊಟ್ಟರೆ ಇಂಥ ಮಕ್ಕಳು ಉಳಿಯುತ್ತಾರೆ. ದಾನಿ ಸಿಗದಿದ್ದರೆ? ಅದಕ್ಕಾಗಿ ಬಂದದ್ದೇ ವಂಶವಾಹಿ ಚಿಕಿತ್ಸೆ. ಮಗುವಿನದೇ ಮಜ್ಜೆಯಿಂದ ರಕ್ತದ ಮೂಲಕಣಗಳನ್ನು ತೆಗೆದು, ಅದರೊಳಗೆ ಸರಿಯಾದ ವಂಶವಾಹಿಯನ್ನು ಸೇರಿಸಿ, ಮಗುವಿಗೇ ಮರಳಿ ಕೊಡುತ್ತಾರೆ. ಕಾಯಿಲೆ ತರುವ ಶಕ್ತಿ ಕಳೆದ ವೈರಸ್ಸೇ ಅದನ್ನು ಹೊತ್ತೊಯ್ಯುವ ಗಾಡಿ. ಒಳ್ಳೆಯ ಬೀಜ ಬಿತ್ತಿದ ಹಾಗೆ, ಅದರಿಂದ ಒಳ್ಳೆಯ ಕಣಗಳು ಹುಟ್ಟುತ್ತವೆ.

ದಾರಿ ಸುಲಭವಿರಲಿಲ್ಲ. 1990ರಲ್ಲಿ ಅಮೆರಿಕದ ನಾಲ್ಕು ವರ್ಷದ ಬಾಲಕಿಗೆ ಮೊದಲು ಪ್ರಯೋಗಿಸಿದರು. ಆಮೇಲೆ ಪ್ಯಾರಿಸ್ಸಿನಲ್ಲಿ ಮಕ್ಕಳು ಚೇತರಿಸಿಕೊಂಡರು ಎಂದು ಎಲ್ಲರೂ ಸಂತೋಷಪಡುವಾಗ, 2002ರಿಂದ ಕೆಲವರಿಗೆ ರಕ್ತದ ಕ್ಯಾನ್ಸರ್ ಕಾಣಿಸಿತು. ವಂಶವಾಹಿ ತಪ್ಪು ಜಾಗದಲ್ಲಿ ಸೇರಿತ್ತು. ವಿಜ್ಞಾನಿಗಳು ಗಾಡಿಯನ್ನೇ ಬದಲಿಸಿದರು. ಸ್ಕಿಡ್‌ನ ಒಂದು ಬಗೆಗೆ ಹೀಗೆ ಚಿಕಿತ್ಸೆ ಪಡೆದ ಅಮೆರಿಕ, ಇಂಗ್ಲೆಂಡಿನ 50 ಮಕ್ಕಳ ವರದಿ 2021ರಲ್ಲಿ ಬಂತು: ಎಲ್ಲರೂ ಬದುಕಿದ್ದರು, 48 ಮಕ್ಕಳಲ್ಲಿ ಚಿಕಿತ್ಸೆ ಫಲಿಸಿತ್ತು. ಆದರೆ ಬೆಲೆ ನೋಡಿ. 2016ರಲ್ಲಿ ಯುರೋಪಿನಲ್ಲಿ ಅನುಮತಿ ಪಡೆದ ಇಂಥದೇ ಒಂದು ಚಿಕಿತ್ಸೆಗೆ ಸುಮಾರು 6 ಲಕ್ಷ ಯೂರೋ! ಬಡವರ ಮಗುವಿಗೆ ಎಟುಕದ ಔಷಧಿ ಅರ್ಧ ಔಷಧಿಯೇ ಅನ್ನಿಸುತ್ತದೆ ನಮಗೆ.

ನಮ್ಮ ಕೈಯಲ್ಲಿರುವುದು ಬೇಗ ಗುರುತಿಸುವುದು. ಸ್ಕಿಡ್‌ನ ಹಲವು ಬಗೆಗಳು ತಂದೆತಾಯಿ ಇಬ್ಬರಿಂದಲೂ ಬರುತ್ತವೆ. ಸೋದರಮಾವ, ಅತ್ತೆಮಗ ಎಂದು ರಕ್ತಸಂಬಂಧದಲ್ಲೇ ಮದುವೆಯಾಗುವ ನಮ್ಮ ಕಡೆ ಆ ಅಪಾಯ ಹೆಚ್ಚು. ತಾಯಿಯಿಂದ ಗಂಡುಮಗುವಿಗೆ ಬರುವ ಬಗೆಯೂ ಇದೆ. ಅದು ಆಕೆಯ ತಪ್ಪಲ್ಲ, ಅತ್ತೆಯಂದಿರಿಗೂ ಇದನ್ನು ಓದಿ ಹೇಳಿ.

ಹುಟ್ಟಿದೊಡನೆ ಹಾಕುವ ಬಿಸಿಜಿ ಲಸಿಕೆಯಲ್ಲಿ ಬಲ ಕುಂದಿಸಿದ ಜೀವಂತ ರೋಗಾಣು ಇರುತ್ತದೆ. ಬೇರೆ ಮಕ್ಕಳಿಗೆ ಅದು ರಕ್ಷಣೆ, ತಪ್ಪಿಸಲೇಬಾರದು. ಸ್ಕಿಡ್ ಇರುವ ಮಗುವಿಗೆ ಮಾತ್ರ ಅಪಾಯ. ಆದ್ದರಿಂದ ನಿಮ್ಮ ಮನೆಯಲ್ಲಿ ಅಥವಾ ತವರಲ್ಲಿ ಹಿಂದೆ ಎಳೆಗೂಸು ಸೋಂಕಿನಿಂದ ತೀರಿಕೊಂಡಿದ್ದರೆ, ಹೆರಿಗೆಗೆ ಮುಂಚೆಯೇ ವೈದ್ಯರಿಗೆ ತಿಳಿಸಿ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಲಿಂಫೋಸೈಟ್ ಕಣಗಳು ತೀರಾ ಕಡಿಮೆ ಕಂಡರೆ ಅದೇ ಮೊದಲ ಸುಳಿವು. ಹೋಗುವಾಗ ಆ ಕೂಸಿನ ಹಳೆಯ ಆಸ್ಪತ್ರೆ ಚೀಟಿಗಳನ್ನೂ ಜೊತೆಗೆ ಒಯ್ಯಿರಿ.