ಹನ್ನೆರಡನೇ ಕಂತು ಯಾರದ್ದು?

55,000 ರೂಪಾಯಿ ಕಟ್ಟಿ 60,000ದ ಒಡವೆ ತಂದೆವು ಎಂದು ನಮ್ಮತ್ತೆ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಮಾತು ಸುಳ್ಳಲ್ಲ, ಬಿಲ್ಲಿನಲ್ಲೂ ಹಾಗೇ ಇದೆ. ಆ ಬಿಲ್ಲು ಈಗ ನನ್ನ ಬ್ಯಾಗಿನಲ್ಲಿದೆ. ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ತೆಗೆದು ನೋಡುತ್ತೇನೆ, ಮತ್ತೆ ಮಡಚಿಡುತ್ತೇನೆ. ಈ ಸಲದ ಅಂಕಣ ಪೂರ್ತಿ ಆ ಒಂದು ಬಿಲ್ಲಿನ ಮೇಲೆ.

ಇದು ಶುರುವಾದದ್ದು 2024ರ ಸುಗ್ಗಿಯಲ್ಲಿ, ಅಂದರೆ ಖರ್ಚಿನ ಸುಗ್ಗಿಯಲ್ಲಿ. ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ: 2024ರ ಮಾರ್ಚ್‌ನಲ್ಲಿ ದುಗ್ಗಮ್ಮನ ಜಾತ್ರೆ ಇತ್ತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಎರಡು ವರ್ಷದ ನೆಂಟರನ್ನು ಒಟ್ಟಿಗೇ ಕರೆತರುತ್ತದೆ. ಬಂದವರಿಗೆ ಹೋಳಿಗೆ, ಹೊರಟವರಿಗೆ ಸೀರೆ, ಕುಪ್ಪಸದ ಕಣ. ಅದು ಮುಗಿಯುವಷ್ಟರಲ್ಲಿ ಮಾರ್ಚ್ 31 ಬಂತು, ಏಪ್ರಿಲ್ 9ಕ್ಕೆ ಯುಗಾದಿ. ಗುಡಿಯಲ್ಲಿ ಪಂಚಾಂಗ ಓದಿದಾಗ ಆದಾಯಕ್ಕಿಂತ ವ್ಯಯ ಜಾಸ್ತಿ ಎಂದು ಬಂದದ್ದು ನಮ್ಮ ಯಜಮಾನರ ರಾಶಿಗೆ. ಅವರು ನಕ್ಕರು, ನಾನು ನಗಲಿಲ್ಲ. ಆಮೇಲೆ ರಾಮನವಮಿಯ ಪಾನಕ, ಕೋಸಂಬರಿ. ಅದರ ಬೆನ್ನಿಗೆ ಮದುವೆಗಳು. ನಾಲ್ಕು ಮದುವೆಗೆ ಮುಯ್ಯಿ ಬರೆಸಿ ಬಂದವರ ಕೈಯಲ್ಲಿ ಮೇ ತಿಂಗಳಿಗೆ ಎಷ್ಟು ಉಳಿದೀತು?

ಮೇ 10ಕ್ಕೆ ಅಕ್ಷಯ ತೃತೀಯ. ಆ ದಿನ ಮನೆಗೆ ಒಂದು ಗುಲಗಂಜಿಯಷ್ಟಾದರೂ ಚಿನ್ನ ಬರಬೇಕು ಎನ್ನುವುದು ಅತ್ತೆಯ ನಂಬಿಕೆ. ಒಟ್ಟಿಗೆ ಕೊಡುವಷ್ಟು ದುಡ್ಡಿಲ್ಲ. ಮಂಡಿಪೇಟೆಯಲ್ಲಿ ಒಂದು ಅಂಗಡಿಗೆ ಹೋದೆವು. ಅಲ್ಲಿಯ ಹುಡುಗ ಚಹಾ ತರಿಸಿ ಸ್ಕೀಮಿನ ಪಾಸ್‌ಬುಕ್ ಮುಂದಿಟ್ಟ. ತಿಂಗಳಿಗೆ 5,000, ಹನ್ನೊಂದು ಕಂತು ನೀವು ಕಟ್ಟಿ, ಹನ್ನೆರಡನೆಯದು ನಮ್ಮದು. ಬರುವ ವರ್ಷದ ಅಕ್ಷಯ ತೃತೀಯಕ್ಕೆ ಮೊಮ್ಮಗಳಿಗೆ ಜುಮುಕಿ.

ಆರ್‌ಡಿ ಮಾಡೋಣ ಅತ್ತೆ, ಎಂದೆ.

"ನಿನ್ನ ಲೆಕ್ಕ ಸರಿ ಇರಬಹುದವ್ವಾ. ಆರ್‌ಡಿ ತಗೊಂಡು ಕೂಸಿನ ಕಿವಿಗೆ ಹಾಕಾಕ್ ಆಗ್ತದೇನು?"

ಉತ್ತರ ಹೊಳೆಯಲಿಲ್ಲ. ಅಂಗಡಿ ಹುಡುಗನೂ ಕಚ್ಚಾ ಲೆಕ್ಕದವನಲ್ಲ, ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದ. ಅವನ ಲೆಕ್ಕವನ್ನು ನಾನು ಮನೆಗೆ ಬಂದು ಪರೀಕ್ಷಿಸಿದೆ, ತಪ್ಪಿರಲಿಲ್ಲ. ಮೊದಲ ಕಂತು ಅವರ ಬಳಿ 11 ತಿಂಗಳು ಇರುತ್ತದೆ, ಎರಡನೆಯದು 10, ಹೀಗೆ ಇಳಿಯುತ್ತಾ ಕೊನೆಯದು 1. ಎಲ್ಲ ಕೂಡಿಸಿದರೆ 66. ಅಂದರೆ 5,000 ರೂಪಾಯಿಯನ್ನು 66 ತಿಂಗಳು ಕೊಟ್ಟಂತೆ, ಅಥವಾ 27,500 ರೂಪಾಯಿಯನ್ನು ಒಂದು ವರ್ಷ ಕೊಟ್ಟಂತೆ. ಅದರ ಮೇಲೆ ಬೋನಸ್ 5,000. ಶೇಕಡಾ 18! ಅದೇ ದುಡ್ಡಿಗೆ ಆರ್‌ಡಿಯಲ್ಲಿ ಆಗ ಶೇ. 6.8ರಂತೆ ಸಿಗುತ್ತಿದ್ದದ್ದು 1,870 ರೂಪಾಯಿ. ಬ್ಯಾಂಕಿನ ಕೌಂಟರಿನಲ್ಲಿ ಕೂರುವ ನನಗೇ ಬಾಯಿ ಕಟ್ಟಿತು.

ಆದರೆ ಅದು ಅರ್ಧ ಲೆಕ್ಕ. ಉಳಿದರ್ಧ ಬಿಲ್ಲಿನಲ್ಲಿದೆ.

2025ರ ಏಪ್ರಿಲ್ 30, ಆ ವರ್ಷದ ಅಕ್ಷಯ ತೃತೀಯ. 22 ಕ್ಯಾರೆಟ್ಟಿಗೆ ಗ್ರಾಂಗೆ ಸುಮಾರು 9,000 ಇತ್ತು. ಮಗಳು ಆರಿಸಿದ ಜುಮುಕಿಗೆ ಮೇಕಿಂಗ್, ವೇಸ್ಟೇಜ್ ಸೇರಿ ಶೇ. 14. ಅದೆಲ್ಲದರ ಮೇಲೆ ಜಿಎಸ್‌ಟಿ ಶೇ. 3. (ಹಾಲ್‌ಮಾರ್ಕಿನ 45 ರೂಪಾಯಿ, ಚಿಲ್ಲರೆ ಎಲ್ಲ ಬಿಟ್ಟು ಅಂಕಿಗಳನ್ನು ಸ್ವಲ್ಪ ಹೊಂದಿಸಿ ಬರೆಯುತ್ತಿದ್ದೇನೆ.) ನಮ್ಮ 60,000ದಲ್ಲಿ ತೆರಿಗೆಗೆ 1,748 ಹೋಯಿತು. ಮಜೂರಿಗೆ 7,154. ಚಿನ್ನಕ್ಕೆ ಉಳಿದದ್ದು 51,098, ಅಂದರೆ 5.68 ಗ್ರಾಂ. ನಾವು ಕೈಯಾರೆ ಕಟ್ಟಿದ್ದು 55,000, ಮನೆಗೆ ಬಂದ ಚಿನ್ನ 51,000ದ್ದು. ಅಂಗಡಿಯವರು ಕೊಟ್ಟ 5,000 ಅವರದೇ ಮಜೂರಿಯ ಖಾತೆಗೆ ವಾಪಸ್ ಹೋಯಿತು, ಹೋಗುವಾಗ ನಮ್ಮದೂ ಸ್ವಲ್ಪ ಕರೆದುಕೊಂಡು ಹೋಯಿತು.

ಮಜೂರಿ ಯಾವ ಅಂಗಡಿಯಲ್ಲಾದರೂ ಇದ್ದದ್ದೇ, ಸ್ಕೀಮನ್ನೇಕೆ ಬೈಯುತ್ತೀ ಎಂದು ನಮ್ಮವರು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೇ ಇನ್ನೊಂದು ಹೆಜ್ಜೆ ಹಾಕಬೇಕು.

ನಮ್ಮದು ಮೊತ್ತದ ಸ್ಕೀಮು, ತೂಕದ್ದಲ್ಲ. ಪ್ರತಿ ಕಂತು ರೂಪಾಯಿಯಾಗಿಯೇ ಜಮಾ ಆಯಿತು, ಅಂದಿನ ದರದಲ್ಲಿ ಗ್ರಾಂ ಆಗಲಿಲ್ಲ. ಶುರುವಿನಲ್ಲಿ ಗ್ರಾಂಗೆ ಸುಮಾರು 6,700 ಇತ್ತು. ಜುಲೈ ಬಜೆಟ್ಟಿನಲ್ಲಿ ಆಮದು ಸುಂಕ ಶೇ. 15ರಿಂದ 6ಕ್ಕೆ ಇಳಿದಾಗ ದರವೂ ಜಾರಿತು. ಆ ವಾರ ಅತ್ತೆ ಗೆದ್ದವರ ಹಾಗೆ ಮನೆ ತುಂಬ ಓಡಾಡಿದರು. ದೀಪಾವಳಿ ಹೊತ್ತಿಗೆ 7,000 ದಾಟಿತು, 2025ರ ಫೆಬ್ರುವರಿಯಲ್ಲಿ 8,000 ಮುಟ್ಟಿತು. ಹನ್ನೊಂದು ಕಂತಿನ ದಿನಗಳ ಸರಾಸರಿ ಹಿಡಿದರೆ ಗ್ರಾಂಗೆ ಸುಮಾರು 7,100. ಅದೇ 5,000ವನ್ನು ತಿಂಗಳು ತಿಂಗಳು, ಚಿನ್ನದ ದರದ ಜೊತೆಗೇ ಏರಿಳಿಯುವ ಗೋಲ್ಡ್ ಇಟಿಎಫ್‌ಗೆ ಹಾಕಿದ್ದರೆ 7.7 ಗ್ರಾಂಗೆ ಸಮನಾದ ಹಣ ಆಗಿರುತ್ತಿತ್ತು, ಏಪ್ರಿಲ್ 30ರ ದರದಲ್ಲಿ 69,300. ಅದನ್ನು ಮಾರಿ ಅದೇ ಅಂಗಡಿಗೆ ಹೋಗಿ, ಅದೇ ಹುಡುಗನಿಗೆ ಅದೇ ಶೇ. 14 ಮಜೂರಿ ಕೊಟ್ಟು, ಜಿಎಸ್‌ಟಿಯನ್ನೂ ಕಟ್ಟಿದ್ದರೆ 6.56 ಗ್ರಾಂ ಜುಮುಕಿ ಬರುತ್ತಿತ್ತು. ಇಟಿಎಫ್‌ನ ಖರ್ಚು ಚೂರು ಕಳೆದರೂ ನಮ್ಮ ಜುಮುಕಿಗಿಂತ ಮುಕ್ಕಾಲು ಗ್ರಾಂಗೂ ಹೆಚ್ಚು.

ದರ ಇಳಿದಿದ್ದರೆ ಇದು ತಲೆಕೆಳಗಾಗುತ್ತಿತ್ತು, ಒಪ್ಪುತ್ತೇನೆ. 2013ರಲ್ಲಿ ಚಿನ್ನ ಬಿದ್ದಾಗ ಮೊತ್ತದ ಸ್ಕೀಮಿನವರು ಲಾಭದಲ್ಲಿದ್ದರು. ಆದರೆ ಚಿನ್ನ ಇಳಿದರೆ ಲಾಭ, ಏರಿದರೆ ನಷ್ಟ ಎನ್ನುವ ಏರ್ಪಾಡಿಗೆ ಚಿನ್ನದ ಉಳಿತಾಯ ಎಂದು ಹೆಸರಿಟ್ಟು ಮಾರುತ್ತಾರಲ್ಲ, ಅದನ್ನು ನಾನು ಸಹಿಸಲಾರೆ. ಚಿನ್ನ ಏರುತ್ತದೆ ಎಂಬ ನಂಬಿಕೆಯಿಂದ ತಾನೇ ಜನ ಅಲ್ಲಿಗೆ ಹೋಗುವುದು?

ಅಷ್ಟಕ್ಕೂ ಹನ್ನೊಂದೇ ಕಂತು ಯಾಕೆ? ಗಿರಾಕಿಯ ಮೇಲಿನ ಪ್ರೀತಿಯಿಂದಲ್ಲ. ಸರಕಿನ ಮುಂಗಡ ಎಂದು ಪಡೆದ ಹಣವನ್ನು 365 ದಿನದೊಳಗೆ ಸರಕಾಗಿ ಕೊಡದಿದ್ದರೆ ಅದು ಠೇವಣಿ ಎನಿಸಿಕೊಳ್ಳುತ್ತದೆ ಎಂದು 2014ರ ಕಂಪನಿ ಠೇವಣಿ ನಿಯಮಗಳು ಹೇಳುತ್ತವೆ. ಠೇವಣಿ ಎಂದಾದರೆ ನೂರೆಂಟು ಕಟ್ಟುಪಾಡು. ಆದ್ದರಿಂದ ಒಂದು ವರ್ಷ ತುಂಬುವ ಮುಂಚೆ ಒಡವೆ ಕೊಟ್ಟು ಕೈತೊಳೆದುಕೊಳ್ಳುವುದು. ನಮಗೆ ಇದರ ಅರ್ಥ ಇಷ್ಟೇ: ಆ ಹಣ ಠೇವಣಿಯಲ್ಲ, ಠೇವಣಿಗಿರುವ ರಕ್ಷಣೆಯೂ ಇಲ್ಲ. ಬ್ಯಾಂಕು ಮುಳುಗಿದರೆ 5 ಲಕ್ಷದವರೆಗೆ ವಿಮೆ ಇದೆ. ಅಂಗಡಿ ಶಟರ್ ಎಳೆದರೆ ಅತ್ತೆಯ ಕೈಯಲ್ಲಿ ಉಳಿಯುವುದು ಲಕ್ಷ್ಮಿಯ ಚಿತ್ರವಿರುವ ಪಾಸ್‌ಬುಕ್ಕು. ನಡುವೆ ಒಂದು ಕಂತು ತಪ್ಪಿದರೆ ಬೋನಸ್ ಇಲ್ಲ. ನಾಣ್ಯ ಕೊಡಿ ಎಂದರೆ ಇಲ್ಲ, ಒಡವೆಯನ್ನೇ ಕೊಳ್ಳಬೇಕು. ಏಕೆಂದರೆ ನಾಣ್ಯದಲ್ಲಿ ಮಜೂರಿ ಗಿಟ್ಟುವುದಿಲ್ಲ.

ಸರ್ಕಾರದ ಸಾವರಿನ್ ಗೋಲ್ಡ್ ಬಾಂಡ್ ಇದ್ದಿದ್ದರೆ ಇಷ್ಟೆಲ್ಲ ಬರೆಯುತ್ತಿರಲಿಲ್ಲ. ವರ್ಷಕ್ಕೆ ಶೇ. 2.5 ಬಡ್ಡಿ ಕೊಟ್ಟು ಚಿನ್ನದ ದರವನ್ನೂ ಕೊಡುತ್ತಿತ್ತು. 2015ರ ಮೊದಲ ಕಂತಿನಲ್ಲಿ ಗ್ರಾಂಗೆ 2,684ಕ್ಕೆ ಕೊಂಡವರಿಗೆ 2023ರಲ್ಲಿ 6,132 ಸಿಕ್ಕಿತು. 2024ರ ಫೆಬ್ರುವರಿಯ ನಂತರ ಸರ್ಕಾರ ಹೊಸದು ಬಿಡಲಿಲ್ಲ. ಒಳ್ಳೆಯದು ಬಾಳಲಿಲ್ಲ, ಮುಂದೆ ಹೋಗೋಣ.

ಇನ್ನು ನಂಬಿಕೆಯ ವಿಚಾರ. ಈ ಅಂಕಣದಲ್ಲಿ ದೇವರನ್ನು ಎಳೆದು ತರಬಾರದು ಎಂದು ಕೆಲವು ಓದುಗರು ಬರೆಯುತ್ತಾರೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಮನೆಯ ಖರ್ಚಿನ ಡೈರಿಯಿಂದ ದೇವರನ್ನು ತೆಗೆದರೆ ಹಾಲು, ಪೇಪರು, ಕರೆಂಟು ಬಿಲ್ಲು ಬಿಟ್ಟು ಏನೂ ಉಳಿಯುವುದಿಲ್ಲ. ಅತ್ತೆಯ ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ. ಆ ದಿನ ಚಿನ್ನ ಬರಲಿ ಎನ್ನುವವರಿಗೆ ಅರ್ಧ ಗ್ರಾಂ ನಾಣ್ಯ ಸಾಕು. ಮಜೂರಿ ಕಡಿಮೆ, ದೇವರ ಮುಂದೆ ಇಡಲೂ ಬರುತ್ತದೆ. ಅಕ್ಷಯ ತೃತೀಯಕ್ಕೇ ಶೇ. 14 ವೇಸ್ಟೇಜ್ ಕೊಡಬೇಕು ಎಂದು ಯಾವ ಪುರಾಣದಲ್ಲೂ ಇಲ್ಲ. ನಾನು ಚಿಕ್ಕವಳಿದ್ದಾಗ ನಮ್ಮಜ್ಜಿ ಆ ದಿನ ಮಾಡುತ್ತಿದ್ದದ್ದು ದಾನ. ಹೊಸ ಮಡಕೆಯಲ್ಲಿ ನೀರು, ಒಂದು ಬೀಸಣಿಗೆ, ಮಾವಿನಹಣ್ಣು, ದಾರಿಹೋಕರಿಗೆ ಮಜ್ಜಿಗೆ. ಜೈನರ ಬಸದಿಗಳಲ್ಲಿ ಈಗಲೂ ಆದಿನಾಥನ ಪಾರಣೆಯ ನೆನಪಿಗೆ ಕಬ್ಬಿನ ಹಾಲು ಹಂಚುತ್ತಾರೆ. ಕೊಡುವ ದಿನ ಯಾವಾಗ ಕೊಳ್ಳುವ ದಿನವಾಯಿತೋ!

ಬಸವ ಜಯಂತಿಯೂ ಅದೇ ದಿನ. ಆ ಬೆಳಿಗ್ಗೆ ಪೇಪರಿನ ಒಂದು ಪುಟದಲ್ಲಿ ಬಸವಣ್ಣ, ಹಾಳೆ ತಿರುಗಿಸಿದರೆ ಪುಟ ತುಂಬ ಬಳೆ. ಬಿಜ್ಜಳನ ಭಂಡಾರ ನೋಡಿಕೊಂಡವರು ಅವರು, ದುಡ್ಡೆಂದರೆ ಏನೆಂದು ಗೊತ್ತಿದ್ದವರು. ಸಂಜೆ ಮೆರವಣಿಗೆ ನೋಡಲು ಹೋದವರೆಲ್ಲ ಬರುತ್ತಾ ಅಂಗಡಿ ಹೊಕ್ಕರು, ನಾವೂ ಹೊಕ್ಕೆವು.

ನನ್ನನ್ನು ಕೆಣಕುವುದು ಚಿನ್ನಕ್ಕಿಂತ ಹೆಚ್ಚಾಗಿ ನಮ್ಮ ಒಂದು ಚಾಳಿ. ಯುಗಾದಿ ಬರುತ್ತದೆ ಎಂದು ಹೊಸ ಕ್ಯಾಲೆಂಡರ್ ತೂಗುಹಾಕಿದ ದಿನವೇ ಗೊತ್ತಿರುತ್ತದೆ. ಜಾತ್ರೆಯ ವರ್ಷ ಯಾವುದೆಂದು ಗೊತ್ತು. ಮಾರ್ಚ್‌ನಲ್ಲಿ ಎಲ್‌ಐಸಿ ಕಂತು, ಮೇನಲ್ಲಿ ಶಾಲೆ ಫೀಸು, ವೈಶಾಖದಲ್ಲಿ ಮದುವೆ. ಒಂದೂ ಹೇಳದೆ ಕೇಳದೆ ಬರುವುದಿಲ್ಲ. ಆದರೂ ಪ್ರತಿ ಸಲ ಮನೆಗೆ ಕಳ್ಳ ನುಗ್ಗಿದ ಹಾಗೆ ಗಾಬರಿಯಾಗುತ್ತೇವೆ. ಆ ಗಾಬರಿಯ ಹೊತ್ತಿಗೆ ಸರಿಯಾಗಿ ಯಾರೋ ಚಹಾ ತರಿಸಿ ಪಾಸ್‌ಬುಕ್ ಮುಂದಿಡುತ್ತಾರೆ. ಶ್ರಾವಣದಿಂದ ತಿಂಗಳಿಗೆ 3,000 ಬೇರೆ ಖಾತೆಗೆ ಹಾಕಿ, ಅದರ ಎಟಿಎಂ ಕಾರ್ಡನ್ನು ಬೀರುವಿನೊಳಗಿಡಿ ಎಂದು ನಾನು ಕೌಂಟರಿನಲ್ಲಿ ಎಷ್ಟೋ ಜನರಿಗೆ ಹೇಳಿದ್ದೇನೆ. ಕೇಳಿದವರು ಕಡಿಮೆ. ನಮ್ಮ ಮನೆಯಲ್ಲಿ ಹೇಳುವ ಧೈರ್ಯ ಬಂದದ್ದು ಈ ಬಿಲ್ಲು ಬಂದ ಮೇಲೆ.

ಅತ್ತೆ ಕೇಳಿಸಿಕೊಂಡರು. "ಖಾತೆಯಾಗಿದ್ರೆ ಶ್ರಾವಣದಾಗೇ ತೆಗೆದು ಖರ್ಚು ಮಾಡ್ತಿದ್ವಿ. ಸ್ಕೀಮಿನಾಗೆ ಇತ್ತು ಅಂತ ಉಳೀತು," ಎಂದರು. ಇದಕ್ಕೆ ನನ್ನ ಬಳಿ ಅಂಕಿಗಳಲ್ಲಿ ಉತ್ತರವಿಲ್ಲ. ಆದರೆ ಆರ್‌ಡಿಯನ್ನೂ ನಡುವೆ ಮುರಿಯಲು ಬ್ಯಾಂಕಿಗೆ ಬರಬೇಕು, ಬಂದರೆ ಕೌಂಟರಿನಲ್ಲಿ ಕೂತಿರುವುದು ಸೊಸೆ!

ಈಗಾಗಲೇ ಸ್ಕೀಮು ನಡೆಸುತ್ತಿರುವವರಿಗೆ ಒಂದು ಮಾತು. ಅರ್ಧ ದಾಟಿದ್ದರೆ ಬಿಡಬೇಡಿ, ಬೋನಸ್ ಹೋಗುತ್ತದೆ. ಕಂತು ಮುಗಿಸಿ, ಒಡವೆ ಕೊಳ್ಳುವ ದಿನ ಹುಷಾರಾಗಿರಿ. ಟ್ರೇ ಹೊರಗೆ ಬರುವ ಮುಂಚೆ ವೇಸ್ಟೇಜ್ ಎಷ್ಟೆಂದು ಕೇಳಿ. ಮಕ್ಕಳು ಒಂದನ್ನು ಮೆಚ್ಚಿ ಕಿವಿಗೆ ಹಾಕಿಕೊಂಡು ಕನ್ನಡಿ ನೋಡಿದ ಮೇಲೆ ಚೌಕಾಸಿ ಸಾಧ್ಯವಿಲ್ಲ, ಅದು ಅಂಗಡಿಯವರಿಗೂ ಗೊತ್ತು. ಕುಸುರಿ ಕೆಲಸದ್ದು ಬಿಟ್ಟು ಸಾದಾ ಬಳೆ ನೋಡಿ. ಮಜೂರಿ ಶೇ. 14ರ ಬದಲು 8ಕ್ಕೆ ಒಪ್ಪಿಸಿದ್ದರೆ ನಮಗೆ ಅದೇ 60,000ಕ್ಕೆ 5.68ರ ಬದಲು 6 ಗ್ರಾಂ ಬರುತ್ತಿತ್ತು. ಬಿಲ್ಲಿನಲ್ಲಿ ಎಚ್‌ಯುಐಡಿ ಎಂಬ ಹಾಲ್‌ಮಾರ್ಕ್ ಸಂಖ್ಯೆ ಇದೆಯೇ, ಕಲ್ಲಿನ ತೂಕ ಕಳೆದಿದ್ದಾರೆಯೇ ನೋಡಿಕೊಳ್ಳಿ. ಹೊಸ ಪಾಸ್‌ಬುಕ್ಕನ್ನು ಅದೇ ಮೇಜಿನ ಮೇಲೆ, ಅದೇ ಗಳಿಗೆಯಲ್ಲಿ ಮುಂದಿಡುತ್ತಾರೆ. ಅದಕ್ಕೆ ಮಾತ್ರ ನಾಳೆ ಬರುತ್ತೇವೆ ಎನ್ನಿ.