ರಕ್ತದಲ್ಲಿ ಅಮೋನಿಯಾ ಏರಿದಾಗ: ಪರೀಕ್ಷೆ, ಔಷಧ, ಊಟ

ಒಂದು ಸಾರಜನಕ ಪರಮಾಣುವಿಗೆ ಮೂರು ಜಲಜನಕ ಪರಮಾಣುಗಳು ಸೇರಿದರೆ ಅಮೋನಿಯಾ. ಪ್ರೋಟೀನು ಒಡೆದಾಗ ಮತ್ತು ಕರುಳಿನ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಮುರಿದಾಗ ಇದು ದೇಹದಲ್ಲಿ ನಿತ್ಯವೂ ಹುಟ್ಟುತ್ತದೆ. ಲಿವರ್ ಅದನ್ನು ಯೂರಿಯಾ ಆಗಿ ಮಾರ್ಪಡಿಸುತ್ತದೆ, ಮೂತ್ರಪಿಂಡ ಹೊರಹಾಕುತ್ತದೆ. ಅಮೋನಿಯಾ ಯೂರಿಯಾ ಆಗುವ ಈ ಚಕ್ರವನ್ನು 1932ರಲ್ಲಿ ಜರ್ಮನಿಯ ಹಾನ್ಸ್ ಕ್ರೆಬ್ಸ್ ಮತ್ತು ಕರ್ಟ್ ಹೆನ್ಸೆಲೈಟ್ ವಿವರಿಸಿದರು. ಸಿರೋಸಿಸ್‌ನಿಂದ ಲಿವರ್ ಕುಗ್ಗಿದರೆ ಅಮೋನಿಯಾ ರಕ್ತದಲ್ಲೇ ಉಳಿದು ಮಿದುಳಿಗೆ ತಲುಪುತ್ತದೆ. ಅಂಥ ರೋಗಿ ಇರುವ ಮನೆಯವರು ಅನುಸರಿಸಬೇಕಾದ ಕ್ರಮ ಹೀಗಿದೆ.

1. ಲಕ್ಷಣ ಗಮನಿಸುವುದು

ಹಗಲು ತೂಕಡಿಕೆ, ರಾತ್ರಿ ನಿದ್ದೆ ಬಾರದಿರುವುದು ಆರಂಭದ ಸೂಚನೆ. ಮಾತು ತಡವರಿಸುತ್ತದೆ, ಸಹಿ ಅಂಕುಡೊಂಕಾಗುತ್ತದೆ. ಎರಡೂ ಕೈ ಮುಂದೆ ಚಾಚಿ ಅಂಗೈಯನ್ನು ಮೇಲಕ್ಕೆ ಮಡಿಸಿ ಹಿಡಿದರೆ, ಮಣಿಕಟ್ಟು ಆಗಾಗ ಜೋತು ಬಿದ್ದು ಮತ್ತೆ ಮೇಲೇಳುತ್ತದೆ.

2. ತಡಮಾಡದೆ ಆಸ್ಪತ್ರೆಗೆ

ದಿಕ್ಕುತಪ್ಪಿದ ಮಾತು, ಎಬ್ಬಿಸಿದರೂ ಏಳದ ನಿದ್ದೆ, ರಕ್ತವಾಂತಿ, ಕಪ್ಪು ಮಲ, ಜ್ವರ ಕಂಡರೆ 108ಕ್ಕೆ ಕರೆ ಮಾಡಬೇಕು. ಮಲಬದ್ಧತೆ, ಸೋಂಕು, ನಿರ್ಜಲೀಕರಣ, ಮದ್ಯ ಮತ್ತು ನಿದ್ದೆಮಾತ್ರೆ ಸ್ಥಿತಿಯನ್ನು ಕೆಡಿಸುತ್ತವೆ. ಮಂಪರಿನಲ್ಲಿರುವವರಿಗೆ ಬಾಯಿಗೆ ಏನೂ ಹಾಕಬಾರದು.

3. ರಕ್ತ ಪರೀಕ್ಷೆ

ಸೀಸೆಯಲ್ಲಿರುವ ರಕ್ತದಲ್ಲೂ ಅಮೋನಿಯಾ ಹುಟ್ಟುತ್ತಲೇ ಇರುತ್ತದೆ. ಹಾಗಾಗಿ ಮಾದರಿಯನ್ನು ಕೂಡಲೇ ಮಂಜುಗಡ್ಡೆಯಲ್ಲಿಟ್ಟು ಅರ್ಧ ಗಂಟೆಯೊಳಗೆ ಪರೀಕ್ಷಿಸುವುದು ಸೂಕ್ತ. ಶಿಕಾರಿಪುರ ಅಥವಾ ಸೊರಬದಲ್ಲಿ ತೆಗೆದ ರಕ್ತವನ್ನು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕಳುಹಿಸಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಸ್ಥಳೀಯ ಲ್ಯಾಬಿನಲ್ಲಿ ಸೌಲಭ್ಯವಿಲ್ಲದಿದ್ದರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ಬೇರೆ ದೊಡ್ಡ ಆಸ್ಪತ್ರೆಯಲ್ಲೋ ಪರೀಕ್ಷೆ ಲಭ್ಯವೇ ಎಂದು ವಿಚಾರಿಸಿಕೊಂಡು ರೋಗಿಯನ್ನೇ ಕರೆದೊಯ್ಯಬೇಕು. ರಕ್ತ ಕೊಡುವಾಗ ಮುಷ್ಟಿ ಬಿಗಿಯಬಾರದು. ಸ್ನಾಯು ದುಡಿದರೂ ಅಮೋನಿಯಾ ಹೆಚ್ಚುತ್ತದೆ. ವಯಸ್ಕರಲ್ಲಿ ಲೀಟರಿಗೆ ಸುಮಾರು 11ರಿಂದ 35 ಮೈಕ್ರೊಮೋಲ್ ಸಾಮಾನ್ಯ. ಲ್ಯಾಬಿನಿಂದ ಲ್ಯಾಬಿಗೆ ಈ ಮಿತಿ ತುಸು ಬದಲಾಗುತ್ತದೆ. ವೈದ್ಯರು ಅಂಕಿಯ ಜತೆಗೆ ಲಕ್ಷಣವನ್ನೂ ನೋಡಿಯೇ ತೀರ್ಮಾನಿಸುತ್ತಾರೆ.

4. ಲ್ಯಾಕ್ಟುಲೋಸ್ ಸಿರಪ್

ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಈ ಸಿರಪ್ಪನ್ನು ಆಮ್ಲವಾಗಿಸುತ್ತವೆ. ಆಮ್ಲದ ನಡುವೆ ಅಮೋನಿಯಾ ಇನ್ನೊಂದು ಜಲಜನಕ ಅಯಾನನ್ನು ಸೇರಿಸಿಕೊಂಡು ಅಮೋನಿಯಂ ಆಗುತ್ತದೆ. ಅಮೋನಿಯಂ ಕರುಳಿನ ಗೋಡೆ ದಾಟಿ ರಕ್ತ ಸೇರುವುದು ಕಷ್ಟ; ಅದು ಮಲದೊಂದಿಗೆ ಹೊರಬೀಳುತ್ತದೆ. ದಿನಕ್ಕೆ ಎರಡು–ಮೂರು ಬಾರಿ ಮೆದುವಾಗಿ ಮಲವಿಸರ್ಜನೆ ಆಗುವಂತೆ ವೈದ್ಯರು ಪ್ರಮಾಣ ಹೊಂದಿಸುತ್ತಾರೆ. ಭೇದಿಯಾದರೆ ಅವರಿಗೆ ತಿಳಿಸಬೇಕು. ನೀರಿನಂಶ ಇಳಿದರೆ ತೊಂದರೆ ಮರಳುತ್ತದೆ.

5. ಊಟ

ಬೇಳೆಕಾಳು ಬಿಡಿಸುವುದು ಹಳೆಯ ಪದ್ಧತಿ. ಪ್ರೋಟೀನು ಕಡಿಮೆಯಾದರೆ ಸ್ನಾಯು ಕರಗುತ್ತದೆ. ಲಿವರ್ ಸೋತಾಗ ಅಮೋನಿಯಾವನ್ನು ಹೀರಿಕೊಳ್ಳುವುದು ಆ ಸ್ನಾಯುವೇ. ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕು: 50 ಕಿಲೋ ತೂಗುವವರಿಗೆ 60ರಿಂದ 75 ಗ್ರಾಂ. ರೊಟ್ಟಿ–ಹೆಸರುಕಾಳು ಪಲ್ಯ, ಬೇಳೆ ಸಾರು, ಮೊಸರನ್ನ ಒಗ್ಗುತ್ತವೆ. ಉಪವಾಸ ಬೇಡ. ಮಲಗುವ ಮುನ್ನ ಹಾಲು–ಅವಲಕ್ಕಿಯಂಥ ಸಣ್ಣ ಫಲಾಹಾರ ಕೊಟ್ಟರೆ ರಾತ್ರಿಯಿಡೀ ಸ್ನಾಯು ಕರಗುವುದು ತಗ್ಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಉಪ್ಪಿನಕಾಯಿ, ಹಪ್ಪಳ ಬಿಡಬೇಕು.